ಅಕ್ಕ ಕದ್ದ ಕಾಲು ಗಂಟೆ ಗಾಳಿ

ಮಾನ್ಯ ಸುರಕ್ಷತಾಧಿಕಾರಿಗಳೇ,

ಜೋಳದ ದಂಟು ಕತ್ತರಿಸುವ ನಮ್ಮ ಶೆಡ್ಡಿಗೆ ಧೂಳು ಹೊರಗೆಳೆಯುವ ನಾಲ್ಕು ಫ್ಯಾನು ಹಾಕಿಸುತ್ತೇನೆ ಎಂದಿರಿ, ಹಾಕಿಸಲಿಲ್ಲ. ಮುಖಗವಸು ಎಂದಿರಿ, ಒಮ್ಮೆ ಹಂಚಿ ಮರೆತಿರಿ. ವರ್ಷಕ್ಕೊಮ್ಮೆ ಎದೆಯ ತಪಾಸಣೆ ಎಂದಿರಿ. ಆ ಡಾಕ್ಟರ ಮುಖ ನಾವಿನ್ನೂ ನೋಡಿಲ್ಲ.

ಗೋಡೆಯಾಚೆ ಉಕ್ಕಿನ ಟ್ಯಾಂಕುಗಳಲ್ಲಿ ವಾಸಿಸುವವರಿಗೆ ಮಾತ್ರ ಯಾವ ಕೊರತೆಯೂ ಇಲ್ಲ. ಅವು ಬ್ಯಾಕ್ಟೀರಿಯಾಗಳು. ನಾವು ಕತ್ತರಿಸಿ ಕೊಟ್ಟ ದಂಟನ್ನು ಬೇಯಿಸಿ, ಅದರ ಸಕ್ಕರೆಯನ್ನು ಅವಕ್ಕೆ ಉಣಿಸುತ್ತೀರಿ. ಅವು ತಿಂದು ಬಣ್ಣದ ಕಾರ್ಖಾನೆಗೆ ಬೇಕಾದ ಆಮ್ಲ ಕೊಡುತ್ತವೆ. ಅದಕ್ಕೆಂದೇ ಅವುಗಳ ವಂಶವಾಹಿಯನ್ನು ತಿದ್ದಿದ್ದೀರಂತೆ. ಸಂತೋಷ. ಧೂಳಿಗೆ ಒಗ್ಗುವಂತೆ ನಮ್ಮ ಶ್ವಾಸಕೋಶವನ್ನೂ ಸ್ವಲ್ಪ ತಿದ್ದಬಾರದಿತ್ತೇ?

ಹೊಟ್ಟೆಕಿಚ್ಚು ಸ್ವಾಮಿ, ಮುಚ್ಚಿಡುವುದೇನು? ಅವಕ್ಕೆ ಒಂದು ಡಿಗ್ರಿ ಸೆಕೆಯಾದರೂ ಗಂಟೆ ಹೊಡೆಯುತ್ತದೆ, ಎಂಜಿನಿಯರು ಕೈತುತ್ತು ಬಿಟ್ಟು ಓಡುತ್ತಾರೆ. ಟ್ಯಾಂಕು ನೋಡಿಕೊಳ್ಳುವವಳು ನನ್ನ ಹೆಂಡತಿ. "ಪಾಪ, ಇವತ್ತು ಸರಿಯಾಗಿ ತಿನ್ಲಿಲ್ಲ ರೀ" ಎಂದು ಕೊರಗುತ್ತಾಳೆ. ನಾನು ಕೆಮ್ಮಿದರೆ, "ಆ ಕಡೆ ತಿರುಗಿ ಕೆಮ್ಮಿ, ನಾಳೆ ಅವುಗಳ ಹತ್ರ ಹೋಗ್ಬೇಕು" ಎನ್ನುತ್ತಾಳೆ. ಕಣ್ಣಿಗೆ ಕಾಣದ ಸವತಿಯರು, ಕೋಟಿಗಟ್ಟಲೆ.

ಅವು ಉಸಿರಾಡುವ ಗಾಳಿ ಮೂರು ಜಾಲರಿಗಳಲ್ಲಿ ಸೋಸಿಕೊಂಡು, ನಮ್ಮ ಶೆಡ್ಡಿನ ಗೋಡೆಗುಂಟ ಹಾದ ಪೈಪಿನಲ್ಲಿ ಹೋಗುತ್ತದೆ. ಕಳೆದ ಸೋಮವಾರ, ನಾವೆಲ್ಲ ಅಕ್ಕ ಎಂದು ಕರೆಯುವ ಶೆಡ್ಡಿನ ಹಿರಿಯಳಿಗೆ ಉಸಿರು ಸಿಕ್ಕಿಕೊಂಡಿತು. ಆಕೆ ಆ ಪೈಪಿನ ವಾಲ್ವು ತಿರುಗಿಸಿ ಬಾಯಿ ಒಡ್ಡಿದಳು. ಗಂಟೆ ಹೊಡೆಯಿತು. ಎಂಜಿನಿಯರುಗಳು ಟ್ಯಾಂಕು ಕೋಣೆಯನ್ನೆಲ್ಲ ಜಾಲಾಡಿದರು. ಶೆಡ್ಡಿಗೆ ಇಣುಕಬೇಕೆಂದು ಕಾಲು ಗಂಟೆಯವರೆಗೆ ಒಬ್ಬರಿಗೂ ತೋಚಲಿಲ್ಲ. ಅಷ್ಟರಲ್ಲಿ ಒಂದು ಟ್ಯಾಂಕಿನ ಜೀವಿಗಳು ಗಾಳಿಯಿಲ್ಲದೆ ಸತ್ತವು.

"ಏನಕ್ಕಾ ಇದು?" ಎಂದೆ.

"ಎಷ್ಟು ತಣ್ಣಗಿತ್ತು ಗೊತ್ತೇನೋ? ಬಿಡೋಕೆ ಮನಸ್ಸೇ ಬರ್ಲಿಲ್ಲ."

ಈಗ ಅಕ್ಕನನ್ನು ಕೆಲಸದಿಂದ ತೆಗೆಯುವ ನೋಟಿಸು ಬಂದಿದೆ: "ಸುರಕ್ಷತೆಗೆ ಧಕ್ಕೆ." ಗುರುವಾರ ವಿಚಾರಣೆಯಂತೆ. ಸಹಿ ನಿಮ್ಮದು. ಯಾರ ಸುರಕ್ಷತೆ ಸ್ವಾಮಿ? ಸತ್ತ ಬ್ಯಾಕ್ಟೀರಿಯಾಗಳಿಗೆ ನಿಮ್ಮ ವರದಿಯಲ್ಲಿ ಎರಡು ಪುಟ ಮೀಸಲು. ಅಕ್ಕನ ಎದೆಗೆ ಒಂದು ಸಾಲೂ ಇಲ್ಲ. ಅವುಗಳ ದಾದಿಯೇ ಆದ ನನ್ನ ಹೆಂಡತಿ ನೋಟಿಸು ಓದಿ ಹೇಳಿದ್ದನ್ನು ಕೇಳಿ: "ಸತ್ತಿದ್ದನ್ನ ಎರಡು ದಿನದಲ್ಲಿ ಮತ್ತೆ ಬೆಳೆಸ್ತೀನಿ ರೀ. ಅಕ್ಕನ್ನ ಬೆಳೆಸೋಕಾಗುತ್ತಾ?" ವಿಚಾರಣೆಯಲ್ಲೂ ಇದನ್ನೇ ಹೇಳುತ್ತಾಳಂತೆ. ಅಂದಿನಿಂದ ನನ್ನ ಹೊಟ್ಟೆಕಿಚ್ಚು ಅರ್ಧ ಇಳಿದಿದೆ. ಉಳಿದರ್ಧ ನಿಮ್ಮ ಪಾಲಿಗೆ.

ನೋಟಿಸು ಹಿಂತೆಗೆದುಕೊಳ್ಳಿ. ಫ್ಯಾನು ಹಾಕಿಸುವವರೆಗೆ ಆ ಪೈಪಿನಿಂದ ನಮಗೂ ಒಂದು ಕವಲು ಕೊಡಿ. ವಿಚಾರಣೆ ನಿಮ್ಮ ತಂಪು ಕೋಣೆಯಲ್ಲಿ ಬೇಡ. ಶೆಡ್ಡಿನಲ್ಲೇ ಆಗಲಿ, ಯಂತ್ರಗಳು ಓಡುತ್ತಿರಲಿ, ನೀವೂ ನಮ್ಮ ಗಾಳಿ ಕುಡಿಯಿರಿ. ಅಕ್ಕನ ಜೊತೆ ನಾವೆಲ್ಲರೂ ಅಲ್ಲೇ ನಿಂತಿರುತ್ತೇವೆ: ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.

ಇಂತಿ,
ಟ್ಯಾಂಕಿನೊಳಗೆ ಹುಟ್ಟುವ ಭಾಗ್ಯ ತಪ್ಪಿದ
ಶೆಡ್ಡಿನ ಕೆಲಸಗಾರ