ಪಾರ್ಸೆಲ್ ಫಾರಂನ ‘ಆದ್ದರಿಂದ’

ಸೈನಿಕ ಕ್ಷೇಮ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಿಮ್ಮ ಪಾರ್ಸೆಲ್ ಫಾರಂನಲ್ಲಿರುವ ಒಂದೇ ಒಂದು ಪದದ ಮೇಲೆ ನನ್ನ ತಕರಾರಿದೆ. ಸಹಿಯ ಜಾಗದ ಮೇಲೆ ನೀವು ಹೀಗೆ ಅಚ್ಚು ಹಾಕಿಸಿದ್ದೀರಿ: ‘ನಾನು ನಮ್ಮ ಸೈನಿಕರ ಬೆಂಬಲಕ್ಕಿದ್ದೇನೆ. ಆದ್ದರಿಂದ, ಗುರಿ ಮುಟ್ಟುವವರೆಗೆ ಈ ಯುದ್ಧ ನಿಲ್ಲಬಾರದೆಂದು ಕೋರುತ್ತೇನೆ.’ ಮೊದಲ ವಾಕ್ಯಕ್ಕೆ ನಾನು ಎರಡೂ ಕೈ ಎತ್ತುತ್ತೇನೆ. ಎರಡನೆಯದು ಮೊದಲನೆಯದರ ಬೆನ್ನಿಗೆ ಅಂಟಿಕೊಂಡು ಕಳ್ಳಹೆಜ್ಜೆಯಲ್ಲಿ ಒಳಗೆ ಬಂದಿದೆ. ಆ ‘ಆದ್ದರಿಂದ’ವನ್ನು ಅಲ್ಲಿ ಕೂರಿಸಿದ ಜಾಣರು ಯಾರು?

ನಾನು ಬೂಟು, ಚಪ್ಪಲಿ ರಿಪೇರಿ ಮಾಡುವವನು. ಎಷ್ಟೇ ಮಿರಮಿರ ಮಿಂಚುವ ಬೂಟು ಬಂದರೂ ಮೊದಲು ಒಳಗೆ ಕೈಹಾಕಿ ಮೊಳೆ ಎಲ್ಲಿ ಎದ್ದಿದೆ ಎಂದು ತಡಕುವುದು ನನ್ನ ಅಭ್ಯಾಸ. ಅನುಮಾನ ನನ್ನ ಕಸುಬಿನ ಭಾಗ. ನನ್ನ ಮಗ ಗಡಿಯಲ್ಲಿದ್ದಾನೆ. ಅವನ ಹಿಮ್ಮಡಿ ಸಪೂರ, ನಿಮ್ಮ ಸರ್ಕಾರಿ ಬೂಟು ಅಗಲ. ಕಾಲು ಒಳಗೇ ಜಾರಿ, ಉಜ್ಜಿ, ಚರ್ಮ ಕಿತ್ತುಬಂದಿದೆ. ಫೋನಿನಲ್ಲಿ ಅವನು ಶತ್ರುವಿನ ಸುದ್ದಿಯನ್ನೇ ಎತ್ತಲಿಲ್ಲ. “ಅಪ್ಪಾ, ಬೂಟು ಕಚ್ತಿದೆ. ಎಡಗಾಲು ಊರೋಕಾಗ್ತಿಲ್ಲ,” ಎಂದ. ನಲವತ್ತು ವರ್ಷ ಊರವರ ಕಾಲು ನೋಡಿಕೊಂಡವನು ನಾನು. ಅವನ ಹಳೆಯ ಶೂಗಳ ಅಳತೆ ಹಿಡಿದು ಮೆತ್ತನೆಯ ಚರ್ಮದಲ್ಲಿ ಒಂದು ಜೊತೆ ಒಳಸೋಲು ಕತ್ತರಿಸಿ, ಹಿಮ್ಮಡಿಗೆ ಪಟ್ಟಿ ಹೊಲಿದು, ನಿಮ್ಮ ಕಚೇರಿಗೆ ತಂದೆ.

ಫಾರಂ ಓದಿದೆ. ಎರಡನೆಯ ವಾಕ್ಯಕ್ಕೆ ನೀಟಾಗಿ ಗೀಟು ಎಳೆದು ಸಹಿ ಹಾಕಿದೆ. ಕೌಂಟರಿನ ಹೆಣ್ಣುಮಗಳು ಅದನ್ನು ಹಿಂದಕ್ಕೆ ತಳ್ಳಿದಳು. “ಗೀಟು ಹಾಕಿದ್ರೆ ತಗೊಳ್ಳಲ್ಲ ಯಜಮಾನ್ರೇ. ಮಗ ಬೇಡ್ವಾ ನಿಮಗೆ?” ಎಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಹೇಳಿಕೊಟ್ಟದ್ದನ್ನು ಹೇಳಿದಳು. ಹೇಳಿಕೊಟ್ಟವರನ್ನು ಕೇಳುತ್ತೇನೆ. ಕುಂಟುತ್ತ ಬಂದವನ ಬೂಟಿನ ಮೊಳೆ ಕಿತ್ತುಕೊಟ್ಟ ಮಾತ್ರಕ್ಕೆ ಅವನು ಹೊರಟಿರುವ ದಾರಿ ಸರಿ ಎಂದು ನಾನು ಷರಾ ಬರೆದಂತಾಯಿತೇ? ಆ ದಾರಿಗೆ ಅವನನ್ನು ಅಟ್ಟಿದವರಿಗೆ ನಾನು ಜೈ ಅನ್ನಬೇಕೇ?

ಈ ಯುದ್ಧ ಬೇಕೇ ಬೇಕು ಎನ್ನುವವರೂ ಇದ್ದಾರೆ, ಒಪ್ಪುತ್ತೇನೆ. ಪಕ್ಕದ ಅಂಗಡಿಯ ದರ್ಜಿ ಅಂಥವನು. ದಿನಾ ಚಹಾ ಕುಡಿಯುತ್ತ ಇಬ್ಬರೂ ಕಿತ್ತಾಡುತ್ತೇವೆ. ಅವನು ಎಷ್ಟೋ ಸಲ ನನ್ನ ಬಾಯಿ ಮುಚ್ಚಿಸಿದ್ದಾನೆ, ಆದರೆ ಕಾರಣ ಕೊಟ್ಟು ಮುಚ್ಚಿಸಿದ್ದಾನೆ. ನೀವು ಕಾರಣ ಕೊಡುವುದಿಲ್ಲ, ಫಾರಂ ಕೊಡುತ್ತೀರಿ. ಅದೂ ಎಲ್ಲಿ? ಬಸ್ ನಿಲ್ದಾಣದಲ್ಲಿ ಕೊಡುವುದಿಲ್ಲ, ತರಕಾರಿ ಅಂಗಡಿಯ ಮುಂದೆ ಕೊಡುವುದಿಲ್ಲ. ಮಗನ ಪಾರ್ಸೆಲ್ ಕಂಕುಳಲ್ಲಿ ಇಟ್ಟುಕೊಂಡವರು ಇಲ್ಲ ಎನ್ನಲಾರರು ಎಂಬುದು ನಿಮಗೆ ಚೆನ್ನಾಗಿ ಗೊತ್ತು. ಇದು ಅಕಸ್ಮಾತ್ ಆದದ್ದು ಎಂದು ದಯವಿಟ್ಟು ನನಗೆ ಹೇಳಬೇಡಿ.

ಪಾರ್ಸೆಲ್ ಸಮೇತ ಮನೆಗೆ ಬಂದು ನನ್ನಾಕೆಯ ಮುಂದೆ ಇದನ್ನೆಲ್ಲ ಒದರಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ನಿಮ್ಮ ವಾದ ನಾಳೆಗೂ ಇರುತ್ತೆ. ಹುಡುಗ ಇವತ್ತು ನಡೀಬೇಕು,” ಎಂದಳು. ಮರುದಿನ ಹೊಸ ಫಾರಂ ತೆಗೆದುಕೊಂಡು ಗೀಟಿಲ್ಲದೆ ಸಹಿ ಹಾಕಿದೆ. ಒಳಸೋಲು ಹೋಯಿತು.

ಎರಡು ವಾರ ಕಳೆದ ಮೇಲೆ ನಿಮ್ಮ ಕಚೇರಿ ರೇಡಿಯೋದಲ್ಲಿ ಹೆಮ್ಮೆಯಿಂದ ಸಾರಿತು: ಸೈನಿಕರ ಮನೆಯವರೇ ಯುದ್ಧ ನಿಲ್ಲಬಾರದೆಂದು ಸಹಿ ಮಾಡಿ ಕೋರಿದ್ದಾರಂತೆ! ಅದು ಗಡಿಯಲ್ಲೂ ಕೇಳಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಮಗ ಫೋನ್ ಮಾಡಿದ. ಕಾಲು ಹೇಗಿದೆ ಎಂದೆ.

“ಅಪ್ಪಾ, ನೀನೂ ಸಹಿ ಹಾಕಿದ್ಯಾ?”

ಹುಟ್ಟಿದಾಗಿನಿಂದ ಅವನಿಗೆ ಸುಳ್ಳು ಹೇಳಿದವನಲ್ಲ. ಹೌದು ಎಂದೆ. ಯಾಕೆ ಎಂದು ಹೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ಲೈನ್ ಹೋಯಿತೋ, ಅವನೇ ಇಟ್ಟನೋ, ಇಂದಿಗೂ ಗೊತ್ತಾಗಿಲ್ಲ. ಆಮೇಲೆ ಫೋನ್ ಬಂದಿಲ್ಲ.

ನನ್ನ ಬೇಡಿಕೆ ಇಷ್ಟೇ. ಫಾರಂನಿಂದ ಆ ಪದವನ್ನೂ ಅದರ ಹಿಂದೆ ಬಂದ ವಾಕ್ಯವನ್ನೂ ಕಿತ್ತುಹಾಕಿ. ಜನರ ಒಪ್ಪಿಗೆ ಬೇಕಿದ್ದರೆ ನಮ್ಮ ಕೈಯಲ್ಲಿ ಪಾರ್ಸೆಲ್ ಇಲ್ಲದಾಗ ಬಂದು ಕೇಳಿ. ಮತ್ತು ಅದೇ ರೇಡಿಯೋದಲ್ಲಿ, ಅಷ್ಟೇ ಗಟ್ಟಿಯಾಗಿ ಹೇಳಿ: ನೀನು ಅಲ್ಲೇ ಇರು ಎಂದು ನಿನ್ನ ಅಪ್ಪ ಕೇಳಿಲ್ಲ ಮಗೂ, ಒಂದು ಜೊತೆ ಒಳಸೋಲು ಕಳಿಸಬೇಕಿತ್ತು, ಅಷ್ಟೇ.

ಇಂತಿ,
ಓದಿಯೂ ಸಹಿ ಹಾಕಿದ ತಂದೆ