ಕಾರ್ಡಿನಲ್ಲಿ ಮೂರು ಹೆಸರು

ಕುಂಬಾರಕೊಪ್ಪಲು, ಮೈಸೂರು
ಗುರುವಾರ, 20-11-2025

ಮುದ್ದಿನ ಮಗಳು ಸಿಂಚನಳಿಗೆ,

ನಿನ್ನ ಅಮ್ಮ ಮನಸಾರೆ ಹರಸಿ ಬರೆಯುತ್ತಿದ್ದೇನೆ. ಹೇಗಿದ್ದೀಯೇ? ಊಟ ಸೇರುತ್ತಿದೆಯಾ? ಕಾಲು ಊದಿಕೊಂಡಿದೆ ಎಂದು ಅಂಗನವಾಡಿಯ ಚಂದ್ರಮತಿ ಹೇಳಿದಳು. ಅವಳ ತಂಗಿ ವಿದ್ಯಾರಣ್ಯಪುರಂನಲ್ಲಿ ನಿಮ್ಮ ವಠಾರದಲ್ಲೇ ಇರುವುದರಿಂದ ನೀನು ಬಸುರಿ ಎಂಬುದಾದರೂ ನನಗೆ ತಿಳಿಯಿತು. ಇಲ್ಲದಿದ್ದರೆ ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ತಿಳಿಯುತ್ತಿತ್ತೇನೋ! ಮಲಗುವಾಗ ಕಾಲಿನ ಕೆಳಗೆ ದಿಂಬು ಇಟ್ಟುಕೋ. ಉಪ್ಪಿನಕಾಯಿ ಮುಟ್ಟಬೇಡ. ಮುಟ್ಟುತ್ತೀಯ ಎಂದು ಗೊತ್ತು, ಆದರೂ ಹೇಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನಿಗೆ ಮರದ ಪುಡಿಯ ಕೆಮ್ಮು ಹಾಗೇ ಇದೆ. ಕೆಲಸ ಮುಗಿಸಿ ಬಂದು ಆಚೆ ನಿಂತು ಕೆಮ್ಮುವುದು, ನಾನು ಎದ್ದು ಹೋಗಿ ಬಾಗಿಲು ತೆಗೆಯುವುದು, ಅದೂ ಹಾಗೇ ಇದೆ. ಊರಿನ ಅರ್ಧ ಬಾಗಿಲುಗಳನ್ನು ಮಾಡಿಕೊಟ್ಟ ಬಡಗಿ, ಒಂದು ಬಾಗಿಲನ್ನೂ ಕೈಯಿಂದ ತಟ್ಟಿದವರಲ್ಲ.

ನಿನ್ನ ಚೀಟಿ ಹೋದ ವಾರ ಕೈ ಸೇರಿತು. ಎರಡು ವರ್ಷಕ್ಕೆ ಒಂದು ಚೀಟಿ, ಅದರಲ್ಲೂ ‘ಅಮ್ಮಾ, ರೇಷನ್ ಕಾರ್ಡಿಂದ ನನ್ನ ಹೆಸರು ತೆಗೆಸು’ ಎಂಬ ಒಂದೇ ಮಾತು. ನಿನ್ನ ಅಕ್ಷರ ನೋಡಿ ಖುಷಿಪಡಬೇಕೋ, ಕೆನ್ನೆಗೆ ಎರಡು ಬಿಡಬೇಕೋ ತಿಳಿಯಲಿಲ್ಲ ಕಣೇ. ಆಮೇಲೆ ಚಂದ್ರಮತಿ ಬಿಡಿಸಿ ಹೇಳಿದಳು. ನೀನು ಗಾರ್ಮೆಂಟ್ಸ್ ಕೆಲಸ ಬಿಟ್ಟಿದ್ದೀಯ, ವಿಜಯ್‌ಕುಮಾರನ ಗೂಡ್ಸ್ ಆಟೋ ಒಂದರಿಂದಲೇ ಮನೆ ನಡೆಯಬೇಕು, ಅವನ ಕಾರ್ಡಿನಲ್ಲಿ ಹೆಂಗಸರೇ ಇಲ್ಲ, ನಿನ್ನನ್ನು ಸೇರಿಸಿದರೆ ನೀನೇ ಯಜಮಾನಿಯಾಗಿ ಗೃಹಲಕ್ಷ್ಮಿಯ ಎರಡು ಸಾವಿರ ನಿನ್ನ ಖಾತೆಗೆ ಬರುತ್ತದೆ. ಆದರೆ ಒಬ್ಬಳ ಹೆಸರು ಎರಡು ಕಾರ್ಡಿನಲ್ಲಿ ಇರುವಂತಿಲ್ಲ. ಇಲ್ಲಿ ತೆಗೆದರೆ ತಾನೇ ಅಲ್ಲಿ ಸೇರಿಸುವುದು. ಆ ದುಡ್ಡಿನ ಬೆಲೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ಹೆಸರಿಗೆ ಎಂದು ಈ ಜನ್ಮದಲ್ಲಿ ಬಂದ ಮೊದಲ ದುಡ್ಡು ಅದು. ನಿಮ್ಮಪ್ಪ ‘ಬಂತಾ ನಿನ್ ಸರ್ಕಾರಿ ಸಂಬ್ಳ’ ಎಂದು ಅಣಕಿಸುತ್ತಾರೆ, ಗ್ಯಾಸ್ ಮುಗಿದ ದಿನ ಮಾತ್ರ ಮೆತ್ತಗೆ ಬಂದು ಪಕ್ಕದಲ್ಲಿ ಕೂರುತ್ತಾರೆ.

ಇಷ್ಟು ದಿನ ನಾನೇಕೆ ಹೆಸರು ತೆಗೆಸಲಿಲ್ಲ ಎಂದು ಬಯ್ದುಕೊಳ್ಳುತ್ತಿರಬಹುದು. ಬಯ್ದುಕೋ. ನ್ಯಾಯಬೆಲೆ ಅಂಗಡಿಯ ಸಿದ್ದರಾಜು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡು ‘ಅಂಬುಜಕ್ಕ, ಮೂರು ಜನ’ ಎಂದು ಒಳಗಿನ ತಕ್ಕಡಿಯವನಿಗೆ ಕೂಗುತ್ತಾನೆ. ಮನೆಯಲ್ಲಿ ನಿನ್ನ ಹೆಸರು ಎತ್ತುವಂತಿಲ್ಲ, ನೆಂಟರ ಮನೆಯಲ್ಲಿ ಎತ್ತಿದರೆ ಮುಖ ತಿರುಗಿಸುತ್ತಾರೆ. ನಾವು ಮೂರು ಜನ ಎಂದು ಬಾಯಿಬಿಟ್ಟು ಹೇಳುವವನು ಅವನೊಬ್ಬನೇ ಉಳಿದಿದ್ದ. ಅಕ್ಕಿಗಿಂತ ಹೆಚ್ಚಾಗಿ ಅದನ್ನು ಕೇಳುವುದಕ್ಕೇ ಹೋಗುತ್ತಿದ್ದೆ.

ಈಗ ಅನರ್ಹರ ಕಾರ್ಡುಗಳನ್ನು ತೆಗೆಯುತ್ತಿದ್ದಾರಲ್ಲ, ಸೋಮವಾರ ಪರಿಶೀಲನೆಗೆಂದು ಒಬ್ಬರು ಮನೆಗೇ ಬಂದರು. ‘ಮೂರು ಹೆಸರದೆ, ಮಗಳೆಲ್ಲಮ್ಮ?’ ಎಂದರು. ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ ಒಳಗಿನಿಂದ ‘ಮಗ್ಳಿಲ್ಲ, ಸತ್ತೋದ್ಲು’ ಎಂದುಬಿಟ್ಟರು. ಪಾಪ, ಆ ಮನುಷ್ಯನ ಕಣ್ಣು ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಹುಡುಕಿತು. ‘ಹಂಗಾದ್ರೆ ಬೇಗ ಹೆಸರು ತೆಗೆಸ್ಬುಡಿ, ಇಲ್ಲಾಂದ್ರೆ ಕಾರ್ಡೇ ರದ್ದಾಯ್ತದೆ’ ಎಂದು ಹೇಳಿ ಹೋದರು. ನೀನು ವಿಜಯ್‌ಕುಮಾರನನ್ನು ಕಟ್ಟಿಕೊಂಡು ಹೋದ ದಿನ ನಿಮ್ಮಪ್ಪ ತಲೆಗೆ ನೀರು ಹಾಕಿಕೊಂಡು ಬಂದದ್ದನ್ನೂ ನುಂಗಿಕೊಂಡೆ, ಕೃಷ್ಣಪ್ಪ ಮಾವನ ಮನೆಯ ಮದುವೆಯಲ್ಲಿ ಹತ್ತು ಜನರ ಮುಂದೆ ಇದೇ ಮಾತಾಡಿದ್ದನ್ನೂ ನುಂಗಿಕೊಂಡೆ. ಅದೆಲ್ಲ ಬಾಯಿಮಾತು. ಇದು ಕಂಪ್ಯೂಟರು.

ಹೆಸರು ತೆಗೆಯುವಾಗ ಕಾರಣ ಕೇಳುತ್ತಾರಂತೆ. ಮದುವೆಯಾಗಿ ಹೋದಳೋ, ತೀರಿಕೊಂಡಳೋ. ಚಂದ್ರಮತಿ ಹಾಗೆಂದಾಗಿನಿಂದ ನನಗೆ ಅದೇ ಯೋಚನೆ. ತೀರಿಕೊಂಡದ್ದಕ್ಕೂ ಕಾಗದ ಕೇಳಬೇಕಲ್ಲ ಎನ್ನುತ್ತೀಯ. ಹಿಂದಿನ ಬೀದಿಯ ಚಿಕ್ಕತಾಯಮ್ಮಜ್ಜಿಗೆ ಯಾವ ಕಾಗದ ಕೇಳಿದರು? ಎಲ್ಲೋ ಯಾರೋ ಯಾವುದೋ ಗುಂಡಿ ಒತ್ತಿ ಅಜ್ಜಿ ಸತ್ತವರ ಲೆಕ್ಕಕ್ಕೆ ಹೋಗಿದೆ, ಪಿಂಚಣಿ ನಿಂತಿದೆ. ‘ನಾನ್ ಬದ್ಕಿವ್ನಿ ಕಣಪ್ಪ, ಮುಟ್ಟಿ ನೋಡು’ ಎಂದು ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸುತ್ತಿದೆ. ನೀನೂ ಆ ಲೆಕ್ಕಕ್ಕೆ ಹೋದರೆ ಯಜಮಾನಿಯೂ ಇಲ್ಲ, ಎರಡು ಸಾವಿರವೂ ಇಲ್ಲ. ಆ ಹೊಟ್ಟೆ ಹೊತ್ತುಕೊಂಡು ಯಾವ ಕಿಟಕಿಯ ಮುಂದೆ ನಿಂತು ಬದುಕಿದ್ದೇನೆ ಎನ್ನುತ್ತೀಯ?

ನಾನೊಬ್ಬಳೇ ಕಾರ್ಡು ತಿದ್ದುವ ಸೆಂಟರಿಗೆ ಹೋಗಿ ಮುಗಿಸಿ ಬರುತ್ತಿದ್ದೆ. ಕಾರ್ಡಿನ ಯಜಮಾನಿ ನಾನು, ಹೆಬ್ಬೆಟ್ಟು ನನ್ನದು. ಆದರೆ ಓಟಿಪಿ ಬರುವ ಫೋನು ಇರುವುದು ನಿಮ್ಮಪ್ಪನ ಜೇಬಿನಲ್ಲಿ. ಆ ಫೋನಿನಿಂದ ನಿನ್ನ ನಂಬರನ್ನೂ ಅಳಿಸಿದ್ದಾರೆ, ಇಲ್ಲದಿದ್ದರೆ ನಾನೇಕೆ ಹೀಗೆ ಕಾಗದ ಗೀಚುತ್ತಿದ್ದೆ? ನಿನ್ನೆ ‘ನಾನೂ ಬತ್ತೀನಿ, ನಾನೇ ಬರುಸ್ತೀನಿ’ ಎಂದರು. ಏನು ಬರೆಸುತ್ತಾರೋ ನನಗೆ ಗೊತ್ತಿಲ್ಲ. ಈಗ ಸ್ನಾನಕ್ಕೆ ಹೋಗಿದ್ದಾರೆ, ಬಂದ ಕೂಡಲೇ ಇಬ್ಬರೂ ಹೊರಡಬೇಕು. ಚೀಟಿಯ ಜೊತೆ ನೀನು ಕಳಿಸಿದ ಮದುವೆ ಸರ್ಟಿಫಿಕೇಟಿನ ಜೆರಾಕ್ಸ್ ನನ್ನ ಬ್ಯಾಗಿನ ತಳದಲ್ಲಿದೆ, ಅವರಿಗೆ ಗೊತ್ತಿಲ್ಲ. ಅವರು ಅಲ್ಲಿ ಆ ಮಾತು ಆಡಿದರೆ ಜನರ ಮುಂದೆಯೇ ಬಾಯಿ ಮುಚ್ಚಿಸುತ್ತೇನೆ. ಇದುವರೆಗೆ ಎದುರು ಮಾತಾಡಿಲ್ಲ ಅಂತಲ್ಲ, ದಿನಾ ಆಡುತ್ತೇನೆ, ಆದರೆ ಮನೆಯೊಳಗೆ. ಇವತ್ತು ಬೀದಿಯಲ್ಲೇ ಆಗಲಿ. ನಿನಗೆ ದುಡ್ಡು ಬರುವುದು ತಡವಾದರೂ ಸರಿ, ನನ್ನ ಕಾರ್ಡೇ ರದ್ದಾದರೂ ಸರಿ, ನನ್ನ ಹೆಬ್ಬೆಟ್ಟಿನಿಂದ ನಿನ್ನನ್ನು ಸಾಯಿಸುವುದಿಲ್ಲ ಕಣೇ, ಎದ್ದು ಬಂದುಬಿಡುತ್ತೇನೆ.

ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ವಿಜಯ್‌ಕುಮಾರನಿಗೆ ನಾನು ಕೇಳಿದೆನೆಂದು ಹೇಳು, ಆಟೋ ನಿಧಾನವಾಗಿ ಓಡಿಸಲಿ. ಹೊಟ್ಟೆಯಲ್ಲಿರುವ ನಮ್ಮ ಪುಟ್ಟದಕ್ಕೆ ಅಜ್ಜಿಯ ಮುತ್ತು. ತಾಯಿ ಚಾಮುಂಡಿ ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಮ್ಮ,
ಅಂಬುಜಮ್ಮ

ವಿ.ಸೂ.: ಮಧ್ಯಾಹ್ನವಾಯಿತು. ಈ ಕಾಗದ ತರುವ ಚಂದ್ರಮತಿ ಬಸ್ಸಿಗೆ ಹೊತ್ತಾಯಿತೆಂದು ಹೊಸಲ ಮೇಲೆ ಕುಣಿಯುತ್ತಿದ್ದಾಳೆ, ಅಕ್ಷರ ಹೇಗಿದ್ದರೂ ಓದಿಕೋ. ಸೆಂಟರಿನ ಹುಡುಗಿ ‘ಕಾರಣ ಏನ್ ಹಾಕ್ಲಿ ಆಂಟಿ, ಮರಣವಾ, ಮದ್ವೆನಾ?’ ಎಂದಳು. ನಾನು ಬ್ಯಾಗಿಗೆ ಕೈ ಹಾಕಿದೆ. ನಿಮ್ಮಪ್ಪ ಕೆಮ್ಮಿದರು. ಅವಳು ಮತ್ತೆ ಕೇಳಿದಳು. ‘ಮದ್ವೆ’ ಎಂದರು. ಎಷ್ಟು ಮೆಲ್ಲಗೆಂದರೆ ಅವಳಿಗೆ ಕೇಳಿಸಲೇ ಇಲ್ಲ. ಆಮೇಲೆ ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ‘ನನ್ ಮಗಳಿಗೆ ಮದ್ವೆ ಆಗ್ಯದೆ ಕಣಮ್ಮ, ಮದ್ವೆ ಅಂತ ಹಾಕು!’ ಎಂದು ಕೂಗಿದರು. ನಾನು ಜೆರಾಕ್ಸ್ ತೆಗೆದು ಅವಳ ಮುಂದಿಟ್ಟು ಹೆಬ್ಬೆಟ್ಟು ಒತ್ತಿದೆ. ಮುಂದಿನ ತಿಂಗಳು ಸಿದ್ದರಾಜು ‘ಇಬ್ಬರು’ ಎನ್ನುತ್ತಾನೆ, ಅಂದುಕೊಳ್ಳಲಿ ಬಿಡು. ಹೆಸರು ತೆಗೆದದ್ದಕ್ಕೆ ಕೊಟ್ಟ ಚೀಟಿ ನಿನಗೆ ಬೇಕಲ್ಲ, ಈ ಕಾಗದದ ಜೊತೆ ಇಡೋಣವೆಂದು ಕೇಳಿದರೆ ನಿಮ್ಮಪ್ಪ ಕೊಡಲಿಲ್ಲ. ಶರಟಿನ ಜೇಬಿಗೆ ಇಟ್ಟುಕೊಂಡು, ಚಂದ್ರಮತಿಯ ಹತ್ತಿರ ನಿಮ್ಮ ವಠಾರದ ದಾರಿ ಕೇಳಿ, ಕೆಲಸಕ್ಕೆ ಹೋದರು. ಸಂಜೆ ಹಾಗೇ ಅಲ್ಲಿಗೆ ಬರುತ್ತಾರೆ. ಏನೂ ಕೇಳಬೇಡ, ಅಳಬೇಡ, ಕಾಫಿಗೆ ಸಕ್ಕರೆ ಕಡಿಮೆ ಹಾಕು. ಅವರು ಬಾಗಿಲು ತಟ್ಟುವುದಿಲ್ಲ ಕಣೇ. ಆಚೆ ಕೆಮ್ಮು ಕೇಳಿಸಿದರೆ ಬೇಗ ತೆಗೆ.