ಮುಡಿ ಸೇವೆಯ ರಸೀದಿ

ಜನವರಿ 21, ಮಂಗಳವಾರ

ಲಿಂಗರಾಜು ತನ್ನ ಮಗಳನ್ನು ತನ್ನದಲ್ಲ ಅಂದ. ದೂರಿನ ಮೇಲೆ ಕರೆಸಿದಾಗ ಹಾಗಂದವನಿಗೆ ಮಹಿಳಾ ಕಲ್ಯಾಣ ಕಚೇರಿಯಲ್ಲಿ ಕುರ್ಚಿ ಕೊಟ್ಟರು. ಮಗು ಎತ್ತಿಕೊಂಡು ಬಂದ ನಾಗರತ್ನಳನ್ನು ಒಂದೂವರೆ ಗಂಟೆ ಗೋಡೆ ಪಕ್ಕ ನಿಲ್ಲಿಸಿದರು.

ಮಂಗಳವಾರ, ಶುಕ್ರವಾರ ನನ್ನ ಪಾಳಿ. ಕಾನೂನು ನೆರವಿನ ಮೇಜು, ಅರ್ಜಿ ಬರೆದುಕೊಡುವುದು. ಇವತ್ತಿನ ಮೂರನೇ ಅರ್ಜಿ ಇವಳದು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವನು ಫ್ಯಾಕ್ಟರಿ ವ್ಯಾನ್ ಓಡಿಸುತ್ತಿದ್ದ. ಮಳವಳ್ಳಿ ಕಡೆಯವನು. ಮದುವೆ ಆಗುತ್ತೇನೆ ಅಂದಿದ್ದ. ಮಗು ತೇಜುಗೆ ಈಗ ಎರಡೂವರೆ ವರ್ಷ. ಸಂಬಳದ ಅರ್ಧ ಮಗು ನೋಡಿಕೊಳ್ಳುವವಳಿಗೇ ಹೋಗುತ್ತದೆ. ಅವನಿಗೆ ಬೇರೆ ಕಡೆ ಹೆಣ್ಣು ನೋಡುತ್ತಿದ್ದಾರೆ.

ಕಚೇರಿಯ ಸಾಹೇಬರು ಟೀ ಕುಡಿಯುತ್ತಾ, "ಮದ್ವೆ ಫೋಟೋ ಇದ್ಯೇನಮ್ಮ? ಏನೂ ಇಲ್ದೆ ಯಾರ್ ಮೇಲ್ ಬೇಕಾದ್ರೂ ಹೇಳ್ಬಹುದಲ್ವಾ?" ಅಂದರು.

ಕಾನೂನು ನೆರವಿನ ಪುಸ್ತಿಕೆ ತೆರೆದು ತೋರಿಸಿದೆ. ಮದುವೆ ಆಗಿರಲಿ, ಬಿಡಲಿ — ಅಪ್ಪನಿಂದ ಜೀವನಾಂಶ ಪಡೆಯುವುದು ಮಗುವಿನ ಹಕ್ಕು. ಸಾಹೇಬರು ಪುಟ ನೋಡಲಿಲ್ಲ. ಹಿಂದಿನ ರಟ್ಟು ತಿರುಗಿಸಿ ಬೆಲೆ ನೋಡಿದರು. "ಇಪ್ಪತ್ತು ರೂಪಾಯಿ ಲಾಯರ್ರು ನೀನು."

ಲಿಂಗರಾಜು ನಕ್ಕ. ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು.

ಜನವರಿ 24, ಶುಕ್ರವಾರ

ನೆರವಿನ ಲಾಯರ್ ಶಿವರಾಮು ಕೇಸು ಹಿಡಿದರು. ಕೋರ್ಟು ಯಾರನ್ನೂ ಸುಮ್ಮನೆ ರಕ್ತಪರೀಕ್ಷೆಗೆ ಕಳಿಸಲ್ಲವಂತೆ. ಮಗು ಅವನದು ಅನ್ನಲು ಮೊದಲು ಏನಾದರೂ ಆಧಾರ ಬೇಕಂತೆ. ಮೆಸೇಜು? ಆ ಫೋನನ್ನು ಅವನೇ ಒಡೆದು ಹಾಕಿದ. ಜನನ ಪ್ರಮಾಣಪತ್ರ? ತಂದೆ ಹೆಸರಿನ ಜಾಗದಲ್ಲಿ ಒಂದು ಗೆರೆ. ಆಸ್ಪತ್ರೆಯಲ್ಲಿ ಕೇಳಿದಾಗ ಇವಳು ಹೆದರಿ ಸುಮ್ಮನಿದ್ದಳು.

ತೇಜುವಿನ ತಲೆ ಸವರಿದೆ. ಕೂದಲು ಆಗಷ್ಟೇ ಚಿಗುರುತ್ತಿತ್ತು. ಹೇನಾಗಿತ್ತಾ ಎಂದು ಕೇಳಿದೆ.

"ಇಲ್ಲ ಕಣಮ್ಮಿ, ಮುಡಿ ಕೊಟ್ಟಿದ್ದು. ಲಿಂಗರಾಜುನವ್ವನೇ ಬಂದು ಕರ್ಕಂಡೋಗಿ ತೆಗ್ಸುದ್ರು. ದೊಡ್ಡತಾಯಮ್ಮ. ಅವ್ರ ಮನೆದೇವ್ರಿಗೆ. ಮಗನ್ಗೆ ಗೊತ್ತಿಲ್ಲ. ವಂಸದ್ ಕೂದ್ಲು ಕೊಡ್ದೇ ಓದ್ರೆ ದೇವ್ರು ಮುನಿಸ್ಕತ್ತದಂತೆ."

ಮೂಢನಂಬಿಕೆ ಬಗ್ಗೆ ಶುರುಮಾಡಿದೆ. ಶಿವರಾಮು ಕೈ ಎತ್ತಿ ನನ್ನನ್ನು ತಡೆದರು. "ರಸೀದಿ ಕೊಟ್ರೇನಮ್ಮ?"

ಜನವರಿ 25, ಸಂಜೆ 6

ಸಿಕ್ಕಿತು. ತೇಜುವಿನ ಲಸಿಕೆ ಕಾರ್ಡಿನ ಒಳಗಿತ್ತು. ಮುಡಿ ಸೇವೆ. ಮಗು — ತೇಜು. ತಂದೆ — ಲಿಂಗರಾಜು. ಕೆಳಗೆ ದೇವಸ್ಥಾನದ ಸೀಲು.

ಕಚೇರಿಯಲ್ಲಿ ಯಾರೂ ಬರೆದುಕೊಳ್ಳದ್ದನ್ನು ದೇವಸ್ಥಾನದ ಕೌಂಟರಿನವನು ಬರೆದುಕೊಂಡಿದ್ದಾನೆ. ಖುಷಿಯಾಗಬೇಕಿತ್ತು. ಆಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಸಮನ್ಸ್ ಎರಡನೇ ಸಲ ವಾಪಸ್. 'ಮನೆಗೆ ಬೀಗ ಹಾಕಿದೆ.' ಪಾಳಿ ಮುಗಿಸಿ, ಬಸ್ಸು ಹತ್ತಿ ಲಿಂಗರಾಜುವಿನ ಊರಿಗೇ ಹೋದೆ. ಬಾಗಿಲು ಹಾರುಹೊಡೆದಿತ್ತು. ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತು ಕಾಲುಗುರು ಕತ್ತರಿಸುತ್ತಿದ್ದ.

"ಏನ್ ಲಾಯ್ರಮ್ಮ, ಬೀಗ ತಂದ್ಯಾ?"

ಫೋಟೋ ತೆಗೆದುಕೊಂಡೆ. ಜಡ್ಜ್ ಮುಂದೆ ಇಡುತ್ತಾರಂತೆ ಶಿವರಾಮು.

ಆಗಸ್ಟ್ 14, ಗುರುವಾರ

ನಾಲ್ಕು ತಿಂಗಳು ಬರೆಯಲಿಲ್ಲ. ಬರೆಯಲು ಏನಿತ್ತು... ಮುಂದಿನ ತಾರೀಖು, ಅದರ ಮುಂದಿನ ತಾರೀಖು.

ಇವತ್ತು ಲಿಂಗರಾಜು ಕಟಕಟೆ ಹತ್ತಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಮಗು ನನ್ನದಲ್ಲ ಅಂದ. ತೇಜು ಹಿಂದಿನ ಬೆಂಚಿನಲ್ಲಿ ಬನ್ ತಿನ್ನುತ್ತಿದ್ದಳು. ಅವನದೇ ಗದ್ದ.

ರಸೀದಿ ತೋರಿಸಿದರೆ ಅವನ ಲಾಯರು, ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆಸಬಹುದು, ಬರೆಸಿದವರೇ ಬಂದು ಹೇಳಲಿ ಅಂದ. ಬರೆಸಿದವಳು ಲಿಂಗರಾಜುವಿನ ಹೆತ್ತ ತಾಯಿ. ಅವಳು ಬರುವುದಿಲ್ಲ ಎಂದು ಅವನಿಗೆ ಅಷ್ಟು ಧೈರ್ಯ.

ಸೆಪ್ಟೆಂಬರ್ ಎರಡಕ್ಕೆ ಹಾಕಿದ್ದಾರೆ. ದೊಡ್ಡತಾಯಮ್ಮ ಬಂದು ಹೇಳಿದರೆ ರಕ್ತಪರೀಕ್ಷೆಗೆ ಆದೇಶ ಕೇಳಬಹುದು. ಬರದಿದ್ದರೆ ಕೇಸು ಬಿದ್ದ ಹಾಗೆ.

ಆಗಸ್ಟ್ 17, ಭಾನುವಾರ

ಅವನು ಮನೆಯಲ್ಲಿಲ್ಲದ ಹೊತ್ತು ನೋಡಿ ಹೋದೆ. ದೊಡ್ಡತಾಯಮ್ಮ ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದರು.

"ಯಾರವ್ವ ನೀನು? ಸಂಘದ ಕಂತಿಗ್ ಬಂದ್ಯಾ?"

"ತೇಜು ಕಡೆಯವಳು."

ಮೊರ ಕೆಳಗಿಟ್ಟರು. "ಕೂದ್ಲು ಬಂದದಾ ಮಗೀಗೆ?"

"ಬಂದಿದೆ. ಮುಡಿ ಕೊಡಿಸಿದ್ದು ನೀವೇ ಅಂತ ಕೋರ್ಟಿನಲ್ಲಿ ಹೇಳಬೇಕು."

"ಉಚ್ಚಾ ನಿಂಗೆ? ಎತ್ತ ಮಗನ್ ಮೇಲೆ ಏಳು ಅಂತೀಯಲ್ಲ."

"ದೇವರ ಹತ್ತಿರ ಅವನ ಮಗು ಅಂತ ಬರೆಸಿದಿರಲ್ಲ!"

"ದೇವ್ರತಾವ ಸುಳ್ಳು ಏಳಕ್ಕಾಯ್ತದಾ? ಕೋರ್ಟ್ನಾಗೆ ಎಲ್ರೂ ಏಳ್ತಾರೆ ಬುಡು. ಅದ್ಕೇ ಅಲ್ವಾ ಕೋರ್ಟು ಇರಾದು."

ಹಕ್ಕು, ಘನತೆ, ಸಮಾನತೆ — ಹತ್ತು ನಿಮಿಷ ಹೇಳಿದೆ. ಅವರು ಮತ್ತೆ ಮೊರ ಎತ್ತಿಕೊಂಡರು. ಹೊಟ್ಟು ನನ್ನ ಮುಖಕ್ಕೇ ಬಂತು.

ಆಮೇಲೆ ನಾನು ಆಡಿದ ಮಾತು ಯಾವ ಪುಸ್ತಿಕೆಯಲ್ಲೂ ಇಲ್ಲ. "ಕಟಕಟೆ ಹತ್ತಿ ನಿಮ್ಮ ಮಗ ಮೊದಲು ಹೇಳಿದ್ದೇನು ಗೊತ್ತಾ? ದೇವರ ಮೇಲೆ ಪ್ರಮಾಣ ಮಾಡಿ ಸತ್ಯ ಹೇಳ್ತೀನಿ ಅಂದ. ಅಂದು, ಮಗು ನಂದಲ್ಲ ಅಂದ."

ಮೊರ ನಿಂತಿತು.

"ದೇವ್ರ್ ಎಸ್ರೇಳಿ?"

"ಹೂಂ. ಮುಡಿ ಕೊಟ್ಟ ಮಗುವನ್ನ."

ಹುರುಳಿ ಮೊರದಿಂದ ನೆಲಕ್ಕೆ ಸುರಿಯುತ್ತಿತ್ತು. ನೋಡಿದೆ. ಮಾತು ನಿಲ್ಲಿಸಲಿಲ್ಲ. ಮುಂದಿನ ತಿಂಗಳು ಮಗನ ಮದುವೆಯಂತೆ, ಮನೆದೇವರನ್ನು ಯಾವ ಬಾಯಲ್ಲಿ ಕರೆಯುತ್ತೀರಿ ಎಂದೂ ಕೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ನಂಬರು ಬರೆದು ಕಟ್ಟೆಯ ಮೇಲಿಟ್ಟು ಬಂದೆ.

ಬಸ್ಸಿನಲ್ಲಿ ಪೂರಾ ಹೇಸಿಗೆ. ಲಿಂಗರಾಜು ಮೇಲಲ್ಲ. ನಾನು ನಂಬದ ದೇವರನ್ನು ಒಂದು ಮುದುಕಿಯ ಎದೆಗೆ ಚುಚ್ಚಿ ಬಂದಿದ್ದೇನೆ. ಸತ್ಯಕ್ಕಾಗಿ — ಅಂತ ಬರೆಯಲು ಹೋಗಿ ಪೆನ್ನು ನಿಂತಿತು.

ಆಗಸ್ಟ್ 29, ಶುಕ್ರವಾರ

ಮಧ್ಯಾಹ್ನ ಗೊತ್ತಿಲ್ಲದ ನಂಬರಿಂದ ಫೋನು. ಪಕ್ಕದ ಮನೆಯವರದಂತೆ. ದೊಡ್ಡತಾಯಮ್ಮ.

"ಏನೇಳ್ಬೇಕೋ ಏಳ್ತೀನಿ. ಮನೆತಾವ್ಕೆ ಮಾತ್ರ ಬರಬ್ಯಾಡ. ನೀನಂತೂ ನನ್ನ ಮಾತಾಡುಸ್ಲೇ ಬ್ಯಾಡ. ಬಸ್ ತೋರ್ಸು, ಸಾಕು."

ನಾಗರತ್ನಳಿಗೆ ಹೇಳಿದೆ. ಮಗುವನ್ನು ಅಪ್ಪಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಕೇಳಿದಳು, "ಅಂಥಾ ಗಟ್ಟಿ ಎಂಗ್ಸು... ಏನೇಳಿ ಒಪ್ಪುಸ್ದೆ?"

ಪುಸ್ತಿಕೆಯಲ್ಲಿದ್ದದ್ದನ್ನು ಓದಿ ಹೇಳಿದೆ ಅಂದೆ. ನಂಬಿದಳು.

ಮಂಗಳವಾರ, ಸೆಪ್ಟೆಂಬರ್ 2. ಬೆಳಿಗ್ಗೆ ಎಂಟೂವರೆ. ಮಳವಳ್ಳಿ ಬಸ್ ಸ್ಟ್ಯಾಂಡು, ಕೋರ್ಟಿಗೆ ಹೋಗುವ ಮದ್ದೂರು ಬಸ್ಸು ನಿಲ್ಲುವ ಕಡೆ ದೊಡ್ಡತಾಯಮ್ಮನಿಗೆ ಕಾಯಬೇಕು. ಮಾತಾಡಿಸದೆ ಬಸ್ಸು ತೋರಿಸಬೇಕು.